ಮಗಳ ಹೆಸರಲ್ಲಿ ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ? ಕ್ಯಾಲಿಫೋರ್ನಿಯಾದ ಎಲ್‌ಕ್ಯಾಪ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾವು ಬೇ ಏರಿಯಾಗೆ ಬಂದು ಒಂದೂವರೆ ವರ್ಷವಾಯಿತು. ಮಗಳು ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸು. ಸೇರಿಸುವಾಗ ಮನೆಮಾತು ಯಾವುದು ಅಂತ ಫಾರ್ಮಿನಲ್ಲಿ ಕೇಳಿದ್ದರು, ಕನ್ನಡ ಅಂತ ಬರೆದೆ. ಆಮೇಲೆ ಒಂದು ಪರೀಕ್ಷೆ ಮಾಡಿ, ಅವಳು ‘ಇಂಗ್ಲಿಷ್ ಲರ್ನರ್’ ಅಂತ ಪತ್ರ ಕಳಿಸಿದರು. ‘ಸುಮ್ನೆ ಇಂಗ್ಲಿಷ್ ಅಂತ ಬರೀಬೇಕಿತ್ತು. ಈಗ ನೋಡು, ನಿನ್ನ ಮಗಳ ಹೆಸರಲ್ಲಿ ಅವರು ದುಡ್ಡು ತಗೋತಾರೆ’ ಅಂತ ಗೆಳತಿಯೊಬ್ಬಳು ಹೇಳಿದಳು. ಈಗ ಎಲ್‌ಕ್ಯಾಪ್ ಸಭೆಗೆ ಬನ್ನಿ ಅಂತ ಡಿಸ್ಟ್ರಿಕ್ಟ್‌ನಿಂದ ಮೇಲ್ ಬಂದಿದೆ. ಜೊತೆಗಿರುವ ದಾಖಲೆ ನೂರೈವತ್ತು ಪುಟ ಇದೆ. ದುಡ್ಡು ಬರುವುದು ನಿಜವಾ? ಬಂದರೆ ಅದು ನನ್ನ ಮಗಳಿಗೇ ಖರ್ಚಾಗುತ್ತಾ? ಸಭೆಗೆ ಹೋಗಿ ನಾನು ಏನು ಕೇಳಲಿ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಅರ್ಧ ನಿಜ. ಇಂಥ ಮಕ್ಕಳ ಲೆಕ್ಕದ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯ, ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ ಹೆಚ್ಚು ಹಣ ಕೊಡುತ್ತದೆ. ಆದರೆ ಆ ಹಣ ನಿಮ್ಮ ಮಗಳ ಹಿಂದೆ ಅವಳ ಕ್ಲಾಸಿನವರೆಗೆ ಹೋಗುವುದಿಲ್ಲ. ಅವಳ ಶಾಲೆಗೇ ಹೋಗಬೇಕು ಅನ್ನುವ ನಿಯಮವೂ ಇಲ್ಲ. ಹುಂಡಿಗೆ ಹಾಕಿದ ನೋಟಿನ ಹಾಗೆ, ನಿಮ್ಮ ನೋಟಿನಿಂದಲೇ ಯಾವ ದೀಪ ಹಚ್ಚಿದರು ಅಂತ ಯಾರೂ ತೋರಿಸಲಾರರು. ಆದರೆ ಒಟ್ಟು ಎಷ್ಟು ಬಂತು, ಯಾರಿಗಾಗಿ ಬಂತು, ಅದರಲ್ಲಿ ಏನು ಮಾಡಿದಿರಿ ಅಂತ ಕೇಳುವ ಹಕ್ಕು ನಿಮಗಿದೆ. ಆ ಲೆಕ್ಕವನ್ನು ಬರೆದಿಡುವ ಕಡತವೇ ಎಲ್‌ಕ್ಯಾಪ್. ಪೂರ್ತಿ ಹೆಸರು ಲೋಕಲ್ ಕಂಟ್ರೋಲ್ ಅಂಡ್ ಅಕೌಂಟಬಿಲಿಟಿ ಪ್ಲಾನ್.

ಮೊದಲು ಆ ಫಾರ್ಮಿನ ವಿಷಯ ಮುಗಿಸೋಣ. ಅದಕ್ಕೆ ಹೋಮ್ ಲ್ಯಾಂಗ್ವೇಜ್ ಸರ್ವೆ ಅನ್ನುತ್ತಾರೆ. ಅದರಲ್ಲಿ ನಾಲ್ಕು ಪ್ರಶ್ನೆ ಇರುತ್ತವೆ. ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಅದು ಯಾವ ಮಾತಾಡುತ್ತದೆ, ನೀವು ಅದರ ಜೊತೆ ಯಾವ ಮಾತಾಡುತ್ತೀರಿ, ಹೀಗೆ. ಮೊದಲ ಮೂರರಲ್ಲಿ ಒಂದಕ್ಕಾದರೂ ಇಂಗ್ಲಿಷ್ ಬಿಟ್ಟು ಬೇರೆ ಉತ್ತರ ಬಂದರೆ, ಸೇರಿದ 30 ದಿನದೊಳಗೆ ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡುವ ‘ಎಲ್ಪ್ಯಾಕ್’ ಅನ್ನುವ ಪರೀಕ್ಷೆ ಮಾಡಬೇಕು. ಅದರಲ್ಲಿ ಚೆನ್ನಾಗಿ ಮಾಡಿದ ಮಗು ಇಂಗ್ಲಿಷ್ ಲರ್ನರ್ ಆಗುವುದೇ ಇಲ್ಲ. ಕನ್ನಡ ಅಂತ ಬರೆದಿದ್ದರಿಂದ ಅವಳಿಗೆ ಈ ಗುರುತು ಬಿದ್ದಿಲ್ಲ, ಪರೀಕ್ಷೆಯಲ್ಲಿ ಬಂದ ಅಂಕದಿಂದ ಬಿದ್ದಿದೆ. ಬೇಕಾದಾಗ ಆ ಫಾರ್ಮನ್ನು ತಿದ್ದಬಹುದು. ಆದರೆ ಪರೀಕ್ಷೆ ಆದ ಮೇಲೆ ತಿದ್ದಿದರೆ ಗುರುತೇನೂ ಬದಲಾಗುವುದಿಲ್ಲ. ಸುಳ್ಳು ಬರೆಯಿರಿ ಅಂತ ಹೇಳುವ ಗೆಳೆಯರು ಬೇ ಏರಿಯಾದ ನಮ್ಮವರಲ್ಲಿ ಜಾಸ್ತಿಯೇ ಇದ್ದಾರೆ. ಅವರ ಮಾತು ಕೇಳದಿದ್ದದ್ದು ಒಳ್ಳೆಯದಾಯಿತು. ಈ ಗುರುತು ಇರುವಷ್ಟು ದಿನ ಶಾಲೆ ದಿನದಲ್ಲಿ ಒಂದಿಷ್ಟು ಹೊತ್ತನ್ನು ಅವಳ ಇಂಗ್ಲಿಷಿಗೇ ಮೀಸಲಿಟ್ಟು ಪಾಠ ಮಾಡಬೇಕು. ಅದು ಕಾನೂನು. ಈ ಮಾತು ನೆನಪಿರಲಿ, ದುಡ್ಡಿನ ವಿಚಾರದಲ್ಲಿ ಮತ್ತೆ ಬೇಕಾಗುತ್ತದೆ.

ಈಗ ದುಡ್ಡು. ಇಲ್ಲಿಯ ಸ್ಕೂಲ್ ಡಿಸ್ಟ್ರಿಕ್ಟ್‌ಗೂ ನಮ್ಮ ಊರಿನ ಜಿಲ್ಲೆಗೂ ಸಂಬಂಧವಿಲ್ಲ. ನಮ್ಮ ಜಿಲ್ಲೆಯಂಥದ್ದಕ್ಕೆ ಇಲ್ಲಿ ಕೌಂಟಿ ಅನ್ನುತ್ತಾರೆ, ಒಂದು ಕೌಂಟಿಯಲ್ಲಿ ಹತ್ತಾರು ಡಿಸ್ಟ್ರಿಕ್ಟ್ ಇರಬಹುದು. ರಾಜ್ಯದಲ್ಲಿ ಒಟ್ಟು ಒಂಬೈನೂರಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ಜನ ಆರಿಸಿದ ಬೋರ್ಡು, ಬೋರ್ಡು ನೇಮಿಸಿದ ಸೂಪರಿಂಟೆಂಡೆಂಟು, ಅದರದ್ದೇ ಬಜೆಟ್ಟು. ಹಿಂದೆ ಆ ಬಜೆಟ್ಟಿನ ಬಹುಪಾಲು ಆಯಾ ಊರಿನ ಮನೆ-ಜಮೀನಿನ ತೆರಿಗೆಯಿಂದ ಬರುತ್ತಿತ್ತು. 1968-69ರಲ್ಲಿ ಲಾಸ್ ಏಂಜಲಿಸ್ ಕೌಂಟಿಯ ಬಾಲ್ಡ್‌ವಿನ್ ಪಾರ್ಕಿನಲ್ಲಿ ಒಂದು ಮಗುವಿಗೆ ವರ್ಷಕ್ಕೆ ಸುಮಾರು 577 ಡಾಲರ್ ಖರ್ಚಾಗುತ್ತಿತ್ತು. ಅದೇ ಕೌಂಟಿಯ ಬೆವರ್ಲಿ ಹಿಲ್ಸ್‌ನಲ್ಲಿ ಸುಮಾರು 1,232 ಡಾಲರ್. ಬಾಲ್ಡ್‌ವಿನ್ ಪಾರ್ಕಿನವರು ಕಡಿಮೆ ತೆರಿಗೆ ಕಟ್ಟುತ್ತಿದ್ದರು ಅಂದುಕೊಂಡಿರಾ? ಅವರ ದರ ಬೆವರ್ಲಿ ಹಿಲ್ಸ್‌ನವರ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಜಮೀನಿಗೇ ಬೆಲೆ ಇಲ್ಲದಿದ್ದರೆ ದರ ಏರಿಸಿ ಏನು ಬಂತು? ಈ ಅಂಕಿಗಳನ್ನು ಮುಂದಿಟ್ಟುಕೊಂಡೇ ರಾಜ್ಯದ ಸುಪ್ರೀಂ ಕೋರ್ಟು 1971ರಲ್ಲಿ ಸೆರಾನೊ ಮೊಕದ್ದಮೆಯಲ್ಲಿ, ಮಗುವಿನ ಓದು ನೆರೆಹೊರೆಯ ಆಸ್ತಿಯ ಮೇಲೆ ನಿಲ್ಲಬಾರದು ಅಂತ ಹೇಳಿತು. 1978ರಲ್ಲಿ ಪ್ರೊಪೊಸಿಷನ್ 13 ಬಂದು ಆಸ್ತಿ ತೆರಿಗೆಗೆ ಮಿತಿ ಹಾಕಿತು. ಅಲ್ಲಿಂದ ಶಾಲೆಗಳ ಕೈ ರಾಜ್ಯದ ಕಡೆ ಚಾಚಿತು. ರಾಜ್ಯವೋ, ಇದಕ್ಕೆ ಇಷ್ಟು ಅದಕ್ಕೆ ಅಷ್ಟು ಅಂತ ಹತ್ತಾರು ಬೇರೆ ಬೇರೆ ಗಂಟು ಮಾಡಿ ಕೊಡುತ್ತಿತ್ತು. ಒಂದು ಗಂಟಿನ ದುಡ್ಡು ಇನ್ನೊಂದಕ್ಕೆ ಬಳಸುವ ಹಾಗಿರಲಿಲ್ಲ.

2013ರ ಜುಲೈನಲ್ಲಿ ಆಗಿನ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಕಾನೂನು ಈ ಗಂಟುಗಳಲ್ಲಿ ಬಹುಪಾಲನ್ನು ಬಿಚ್ಚಿ ಒಂದೇ ಸೂತ್ರ ಮಾಡಿತು. ಅದರ ಹೆಸರು ಲೋಕಲ್ ಕಂಟ್ರೋಲ್ ಫಂಡಿಂಗ್ ಫಾರ್ಮುಲಾ. ಬೇರೆ ರಾಜ್ಯಗಳ ಲೆಕ್ಕಾಚಾರಕ್ಕೆ ಹೋಲಿಸಿದರೆ ಇದು ಬಹಳ ಸರಳ.

ಪ್ರತಿ ಮಗುವಿಗೂ ಒಂದು ಮೂಲ ಮೊತ್ತ ಇದೆ. 2024-25ರಲ್ಲಿ ಮೂರನೇ ಕ್ಲಾಸಿನವರೆಗೆ 10,025 ಡಾಲರ್, ಹೈಸ್ಕೂಲಿಗೆ 12,144. ಚಿಕ್ಕ ಕ್ಲಾಸುಗಳಿಗೆ, ಒಂದು ಕ್ಲಾಸಿನಲ್ಲಿ ಮಕ್ಕಳ ಸಂಖ್ಯೆ ಮಿತಿಯಲ್ಲಿರಲಿ ಅಂತ, ಇದರ ಮೇಲೆ ಇನ್ನೂ 10.4 ಶೇಕಡ ಸೇರುತ್ತದೆ. ಲೆಕ್ಕ ಹಿಡಿಯುವುದು ದಾಖಲಾತಿಯ ಮೇಲಲ್ಲ, ಹಾಜರಾತಿಯ ಸರಾಸರಿಯ ಮೇಲೆ. ಡಿಸೆಂಬರಿನಲ್ಲಿ ಮೂರು ವಾರ ಊರಿಗೆ ಹೋಗಿ ಬರುವ ನಮ್ಮಂಥವರ ಬಗ್ಗೆ ಶಾಲೆ ಆಫೀಸಿನವರು ಯಾಕೆ ಮುಖ ಗಂಟಿಕ್ಕುತ್ತಾರೆ ಅಂತ ಈಗ ಗೊತ್ತಾಯಿತಲ್ವಾ?

ಇನ್ನು ಹೆಚ್ಚುವರಿ. ಮೂರು ಬಗೆಯ ಮಕ್ಕಳು ಇದರ ಲೆಕ್ಕಕ್ಕೆ ಬರುತ್ತಾರೆ. ಕಡಿಮೆ ಆದಾಯದ ಮನೆಯವರು, ಇಂಗ್ಲಿಷ್ ಕಲಿಯುತ್ತಿರುವವರು, ಮತ್ತು ಹೆತ್ತವರಿಂದ ದೂರವಾಗಿ ಸರ್ಕಾರದ ಪಾಲನೆಯಲ್ಲಿರುವ ಫಾಸ್ಟರ್ ಮಕ್ಕಳು. ಒಂದು ಮಗು ಎರಡು ಮೂರು ಬಗೆಗೆ ಸೇರಿದರೂ ಎಣಿಕೆ ಒಂದೇ ಸಲ. ಅಕ್ಟೋಬರ್ ತಿಂಗಳ ಮೊದಲ ಬುಧವಾರ ಯಾರು ಯಾರು ಶಾಲೆಯಲ್ಲಿದ್ದಾರೆ ಅಂತ ರಾಜ್ಯಕ್ಕೆ ಪಟ್ಟಿ ಹೋಗುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಮಗಳು ಒಬ್ಬಳು. ಇಂಥ ಪ್ರತಿ ಮಗುವಿಗೆ ಮೂಲ ಮೊತ್ತದ 20 ಶೇಕಡ ಹೆಚ್ಚು. ಇದು ಸಪ್ಲಿಮೆಂಟಲ್. ಡಿಸ್ಟ್ರಿಕ್ಟ್‌ನ ಮಕ್ಕಳಲ್ಲಿ ಇಂಥವರು 55 ಶೇಕಡ ದಾಟಿದರೆ, ದಾಟಿದ ಭಾಗಕ್ಕೆ ಮೂಲ ಮೊತ್ತದ 65 ಶೇಕಡ ಇನ್ನೂ ಹೆಚ್ಚು. ಇದು ಕಾನ್ಸಂಟ್ರೇಷನ್. 2021ರವರೆಗೆ ಇದು 50 ಶೇಕಡ ಇತ್ತು. ಏರಿಸಿದ ಆ 15ರ ಪಾಲನ್ನು, ಇಂಥ ಮಕ್ಕಳು ತುಂಬಿರುವ ಶಾಲೆಗಳಲ್ಲಿ ಮಕ್ಕಳ ಜೊತೆ ನೇರವಾಗಿ ಕೆಲಸ ಮಾಡುವ ಸಿಬ್ಬಂದಿಗೇ ಬಳಸಬೇಕು ಅಂತ ಶರತ್ತಿದೆ.

ಸುಲಭದ ಅಂಕಿ ತೆಗೆದುಕೊಳ್ಳೋಣ. ಹತ್ತು ಸಾವಿರ ಮಕ್ಕಳ ಡಿಸ್ಟ್ರಿಕ್ಟು, ತಲೆಗೆ ಹತ್ತು ಸಾವಿರ ಡಾಲರ್. ಮೂಲ ಮೊತ್ತ 10 ಕೋಟಿ ಡಾಲರ್. ಇಂಥ ಮಕ್ಕಳು 40 ಶೇಕಡ ಇದ್ದರೆ ಹೆಚ್ಚುವರಿ 80 ಲಕ್ಷ. 75 ಶೇಕಡ ಇದ್ದರೆ ಸಪ್ಲಿಮೆಂಟಲ್ 1.5 ಕೋಟಿ, ಅದರ ಮೇಲೆ 55 ದಾಟಿದ 20ರ ಪಾಲಿಗೆ 1.3 ಕೋಟಿ. ಒಟ್ಟು 2.8 ಕೋಟಿ. ಅಂದರೆ ಮೂಲದ ಮೇಲೆ 28 ಶೇಕಡ. ಈ ಶೇಕಡ ಅಂಕಿಯೇ ಎಲ್‌ಕ್ಯಾಪ್‌ನ ಬೆನ್ನೆಲುಬು. ಎಲ್ಲ ಮಕ್ಕಳಿಗೆ ಕೊಡುವ ಸೇವೆಗಿಂತ ಈ ಮಕ್ಕಳಿಗೆ ಕೊಡುವ ಸೇವೆ ಅಷ್ಟು ಶೇಕಡ ಹೆಚ್ಚಿಸಬೇಕು ಅಥವಾ ಉತ್ತಮವಾಗಿಸಬೇಕು ಅಂತ ಕಾನೂನು ಹೇಳುತ್ತದೆ. ನಿಮ್ಮ ದಾಖಲೆಯಲ್ಲೂ ಆ ಅಂಕಿ ಇದೆ. ಹುಡುಕಿ.

ನಿಮ್ಮ ಮಗಳೊಬ್ಬಳ ಲೆಕ್ಕ ಬೇಕಾದರೆ, ಒಂದನೇ ಕ್ಲಾಸಿಗೆ ಸುಮಾರು 2,200 ಡಾಲರ್ ಆಸುಪಾಸು. ಅದೂ ಒಂದೇ ವರ್ಷದಲ್ಲಿ ಪೂರ್ತಿ ಕಾಣುವುದಿಲ್ಲ, ಯಾಕೆಂದರೆ ಈ ಮಕ್ಕಳ ಶೇಕಡಾವಾರು ಮೂರು ವರ್ಷದ ಸರಾಸರಿ.

ಇಲ್ಲೊಂದು ತಿರುವಿದೆ, ಬೇ ಏರಿಯಾದಲ್ಲಿ ಇದು ಮುಖ್ಯ. ಕೆಲವು ಡಿಸ್ಟ್ರಿಕ್ಟ್‌ಗಳಲ್ಲಿ ಮನೆ ಬೆಲೆ ಎಷ್ಟು ಏರಿದೆ ಅಂದರೆ, ಅಲ್ಲಿಯ ಆಸ್ತಿ ತೆರಿಗೆಯೇ ಈ ಸೂತ್ರದ ಮೊತ್ತವನ್ನು ಮೀರುತ್ತದೆ. ಪಾಲೊ ಆಲ್ಟೊ ಯೂನಿಫೈಡ್ ಹಾಗೆ. ಕುಪರ್ಟಿನೊ, ಸನಿವೇಲ್ ಕಡೆಯ ಹೈಸ್ಕೂಲುಗಳನ್ನು ನಡೆಸುವ ಫ್ರೀಮಾಂಟ್ ಯೂನಿಯನ್ ಹೈಸ್ಕೂಲ್ ಡಿಸ್ಟ್ರಿಕ್ಟೂ ಹಾಗೆ. (ಇದಕ್ಕೂ ಫ್ರೀಮಾಂಟ್ ಊರಿಗೂ ಸಂಬಂಧವಿಲ್ಲ, ಹೊಸದಾಗಿ ಬಂದವರೆಲ್ಲ ಒಮ್ಮೆ ಮೋಸ ಹೋಗುತ್ತಾರೆ.) ಇವಕ್ಕೆ ‘ಬೇಸಿಕ್ ಏಡ್’ ಅಥವಾ ‘ಕಮ್ಯುನಿಟಿ ಫಂಡೆಡ್’ ಅನ್ನುತ್ತಾರೆ. ಮೀರಿದ ತೆರಿಗೆಯನ್ನು ಅವರೇ ಇಟ್ಟುಕೊಳ್ಳುತ್ತಾರೆ. ಇಂಥ ಕಡೆ ಒಂದು ಮಗು ಇಂಗ್ಲಿಷ್ ಲರ್ನರ್ ಆದರೆ ಡಿಸ್ಟ್ರಿಕ್ಟ್‌ಗೆ ಈ ಸೂತ್ರದಿಂದ ಒಂದು ಡಾಲರೂ ಹೆಚ್ಚು ಬರುವುದಿಲ್ಲ. ಹಾಗಂತ ಜವಾಬ್ದಾರಿ ತಪ್ಪಿಲ್ಲ. ಅವರೂ ಶೇಕಡ ಅಂಕಿ ಲೆಕ್ಕ ಹಾಕಬೇಕು, ಎಲ್‌ಕ್ಯಾಪ್ ಬರೆಯಬೇಕು. ನೀವು ಅಲ್ಲಿದ್ದರೆ ‘ದುಡ್ಡಿಗೋಸ್ಕರ ಗುರುತು ಹಾಕಿದರು’ ಅನ್ನುವ ಅನುಮಾನ ಅಲ್ಲಿಗೇ ಬಿತ್ತು. ಹಾಗಾಗಿ ಮೊದಲ ಕೆಲಸ, ನಿಮ್ಮದು ಯಾವ ಬಗೆಯ ಡಿಸ್ಟ್ರಿಕ್ಟು ಅಂತ ಬಿಸಿನೆಸ್ ಆಫೀಸಿಗೆ ಒಂದು ಸಾಲಿನ ಮೇಲ್ ಹಾಕಿ ಕೇಳಿಬಿಡಿ.

ಈಗ ನಿಮ್ಮ ಎರಡನೇ ಪ್ರಶ್ನೆ, ನನ್ನ ಮಗಳಿಗೇ ಖರ್ಚಾಗುತ್ತಾ ಅಂತ. ಊರಿನ ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಇರುತ್ತದಲ್ಲ, ಪೋಷಕರು ಹೆಡ್‌ಮಾಸ್ಟರನ್ನು ಎದುರಿಗೆ ಕೂರಿಸಿಕೊಂಡೇ ಕೇಳಬಹುದು. ಇಲ್ಲೂ ಬಹಳ ಶಾಲೆಗಳಲ್ಲಿ ಸೈಟ್ ಕೌನ್ಸಿಲ್ ಇರುತ್ತದೆ, ಆದರೆ ಈ ದೊಡ್ಡ ದುಡ್ಡಿನ ತೀರ್ಮಾನ ಅಲ್ಲಿ ಆಗುವುದಿಲ್ಲ. ಬೋರ್ಡಿನಲ್ಲಿ ಆಗುತ್ತದೆ. ಬೋರ್ಡು ಅದನ್ನು ಎಲ್ಲ ಶಾಲೆಗೂ ಹರಡಬಹುದು, ಹಾಗೆ ಹರಡುವುದೇ ಹೆಚ್ಚು. ಕಾನೂನು ಇದನ್ನು ತಡೆಯುವುದಿಲ್ಲ. ಆದರೆ ಒಂದು ಶರತ್ತು ಹಾಕುತ್ತದೆ. ಈ ಖರ್ಚು ಮುಖ್ಯವಾಗಿ ಈ ಮೂರು ಬಗೆಯ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ಅವರಿಗೆ ಇದರಿಂದ ಉಪಯೋಗವಾಗುತ್ತದೆ ಅಂತ ಬರೆದು ತೋರಿಸಬೇಕು. ಇಡೀ ಜಗಳ ಇರುವುದು ಈ ಒಂದು ಶರತ್ತಿನಲ್ಲಿ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಇದು ನಾನೇ ಕಟ್ಟಿದ ಉದಾಹರಣೆ, ಆದರೆ ಇಂಥವು ಎಲ್ಲ ಎಲ್‌ಕ್ಯಾಪ್‌ಗಳಲ್ಲೂ ಸಿಗುತ್ತವೆ. ಗುರಿ 1, ಕ್ರಮ 4. ಹೆಸರು: ಓದಿನ ನೆರವು ಕೊಡುವ ಶಿಕ್ಷಕರು. ಮೊತ್ತ: 24 ಲಕ್ಷ ಡಾಲರ್. ‘ಕಾಂಟ್ರಿಬ್ಯೂಟಿಂಗ್’ ಅನ್ನುವ ಕಾಲಮ್ಮಿನಲ್ಲಿ ‘ಯೆಸ್’. ಅಂದರೆ ಈ ಖರ್ಚನ್ನು ಹೆಚ್ಚುವರಿ ದುಡ್ಡಿನ ಲೆಕ್ಕಕ್ಕೆ ಹಿಡಿದಿದ್ದಾರೆ. ‘ಸ್ಕೋಪ್’ ಕಾಲಮ್ಮಿನಲ್ಲಿ ‘ಎಲ್‌ಇಎ-ವೈಡ್’, ಅಂದರೆ ಇಡೀ ಡಿಸ್ಟ್ರಿಕ್ಟಿಗೆ. ‘ಲೊಕೇಶನ್’ ಅಲ್ಲಿ ‘ಆಲ್ ಸ್ಕೂಲ್ಸ್’. ವಿವರಣೆಯಲ್ಲಿ ‘ಎಲ್ಲ ಮಕ್ಕಳಿಗೂ, ವಿಶೇಷವಾಗಿ ಇಂಗ್ಲಿಷ್ ಲರ್ನರ್‌ಗಳಿಗೆ’ ಅನ್ನುವ ಒಂದು ವಾಕ್ಯ.

ಈ ಸಾಲನ್ನು ಓದಿದಾಗ ಕೇಳಬೇಕಾದ್ದು ಇಷ್ಟು. ಒಬ್ಬ ಓದಿನ ಶಿಕ್ಷಕರನ್ನು ಪ್ರತಿ ಶಾಲೆಗೂ ಸಮನಾಗಿ ಕೊಟ್ಟಿದ್ದೀರಾ, ಅಥವಾ ಈ ಮಕ್ಕಳು ಜಾಸ್ತಿ ಇರುವ ಶಾಲೆಗೆ ಇಬ್ಬರನ್ನು ಕೊಟ್ಟಿದ್ದೀರಾ? ಆ ಶಿಕ್ಷಕರ ಬಳಿಗೆ ಹೋಗುವ ಮಕ್ಕಳನ್ನು ಯಾರು ಆರಿಸುತ್ತಾರೆ, ಅವರಲ್ಲಿ ಎಷ್ಟು ಮಂದಿ ಇಂಗ್ಲಿಷ್ ಲರ್ನರ್? ಈ ಹುದ್ದೆ ಮೊದಲೂ ಇತ್ತಾ, ಸುಮ್ನೆ ಲೆಕ್ಕದ ತಲೆಬರಹ ಬದಲಾಯಿಸಿದ್ದೀರಾ? ಉತ್ತರ ಸರಿಯಾಗಿ ಬಂದರೆ ಅದು ಒಳ್ಳೆಯ ಖರ್ಚು. ‘ವಿಶೇಷವಾಗಿ’ ಅನ್ನುವ ಪದ ಬಿಟ್ಟು ಬೇರೇನೂ ಇಲ್ಲ ಅಂತಾದರೆ, ಅದು ಎಲ್ಲರಿಗೂ ಮಾಡುವ ಖರ್ಚಿಗೆ ಈ ಮಕ್ಕಳ ಹೆಸರಿಟ್ಟಂತೆ.

ಆಗಲೇ ನೆನಪಿರಲಿ ಅಂದೆನಲ್ಲ, ಮಗಳಿಗೆ ದಿನವೂ ಕೊಡಬೇಕಾದ ಇಂಗ್ಲಿಷ್ ಪಾಠ. ಅದನ್ನು ಕಾನೂನು ಹೇಗೂ ಕೇಳುತ್ತದೆ. ಅದು ಕನಿಷ್ಠ. ಅದನ್ನೇ ತೋರಿಸಿ ‘ನೋಡಿ, ಹೆಚ್ಚುವರಿ ಸೇವೆ’ ಅಂದರೆ ಒಪ್ಪಬೇಡಿ. ಅದರ ಮೇಲೆ ಏನು ಕೊಟ್ಟಿರಿ ಅಂತ ಕೇಳಿ.

ಇದು ಬರೀ ಪೋಷಕರ ಅನುಮಾನ ಅಲ್ಲ. ರಾಜ್ಯದ ಅತಿ ದೊಡ್ಡ ಡಿಸ್ಟ್ರಿಕ್ಟಾದ ಲಾಸ್ ಏಂಜಲಿಸ್ ಯೂನಿಫೈಡ್, ಮೊದಲಿನಿಂದ ಮಾಡುತ್ತಿದ್ದ ವಿಶೇಷ ಶಿಕ್ಷಣದ ಖರ್ಚನ್ನೂ ಈ ಮಕ್ಕಳ ಲೆಕ್ಕಕ್ಕೆ ಸೇರಿಸಿತ್ತು. ಅದರ ಮೇಲೆ 2015ರಲ್ಲಿ ಮೊಕದ್ದಮೆ ಬಿತ್ತು. 2017ರಲ್ಲಿ ರಾಜಿಯಾಯಿತು. 50 ಶಾಲೆಗಳಿಗೆ ಮೂರು ವರ್ಷದಲ್ಲಿ 15 ಕೋಟಿ ಡಾಲರ್‌ಗೂ ಹೆಚ್ಚು ಕೊಡಲು ಡಿಸ್ಟ್ರಿಕ್ಟ್ ಒಪ್ಪಿತು. ಆಮೇಲೆ 2019ರ ನವೆಂಬರಿನಲ್ಲಿ ಸ್ಟೇಟ್ ಆಡಿಟರ್ ವರದಿ ಬಂತು. ಕ್ಲೋವಿಸ್, ಓಕ್‌ಲ್ಯಾಂಡ್, ಸ್ಯಾನ್ ಡಿಯೆಗೊ, ಈ ಮೂರು ಡಿಸ್ಟ್ರಿಕ್ಟ್‌ಗಳನ್ನು ನೋಡಿ ಬರೆದದ್ದು. ಹೆಚ್ಚುವರಿ ದುಡ್ಡು ಈ ಮಕ್ಕಳಿಗೆ ತಲುಪುತ್ತಿದೆ ಅಂತ ರಾಜ್ಯ ಖಾತ್ರಿ ಮಾಡಿಕೊಂಡಿಲ್ಲ ಅನ್ನುವುದು ಅದರ ಸಾರ. ಒಂದು ದೊಡ್ಡ ತೂತನ್ನೂ ಅದು ತೋರಿಸಿತು. ವರ್ಷದ ಕೊನೆಗೆ ಈ ದುಡ್ಡು ಉಳಿದರೆ, ಮುಂದಿನ ವರ್ಷ ಅದು ಸಾಮಾನ್ಯ ದುಡ್ಡಾಗಿಬಿಡುತ್ತಿತ್ತು. ಅಂದರೆ ಖರ್ಚು ಮಾಡದೆ ಕೂತರೆ ಲಾಭ! ಆ ತೂತನ್ನು ಆಮೇಲೆ ಮುಚ್ಚಿದರು. ಈಗ ಖರ್ಚಾಗದೆ ಉಳಿದ ಪಾಲನ್ನು ‘ಕ್ಯಾರಿಓವರ್’ ಅಂತ ತೋರಿಸಿ, ಮುಂದಿನ ವರ್ಷ ಅದೇ ಮಕ್ಕಳಿಗೆ ಬಳಸಬೇಕು. ಎಲ್‌ಕ್ಯಾಪ್‌ನಲ್ಲಿ ಅದಕ್ಕೇ ಒಂದು ಕೋಷ್ಟಕ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಸೂತ್ರ ಚೆನ್ನಾಗಿದೆ. ದುಡ್ಡು ಹಂಚುವ ಭಾಗಕ್ಕೆ ನಾನು ಒಳ್ಳೆಯ ಅಂಕ ಕೊಡುತ್ತೇನೆ. ಲೆಕ್ಕ ಒಪ್ಪಿಸುವ ಭಾಗ ಮಾತ್ರ ಬರೆಯುವವರಿಗೂ ಓದುವವರಿಗೂ ಶಿಕ್ಷೆಯಂತಾಗಿದೆ. ಪ್ರತಿ ಸಲ ಯಾರೋ ಒಂದು ತೂತು ತೋರಿಸಿದಾಗ ರಾಜ್ಯ ಇನ್ನೊಂದು ಕೋಷ್ಟಕ ಸೇರಿಸುತ್ತದೆ. ಪುಟ ಬೆಳೆಯುತ್ತದೆ, ಓದುವವರು ಕಡಿಮೆಯಾಗುತ್ತಾರೆ.

ಹಾಗಾಗಿ ನೂರೈವತ್ತು ಪುಟವನ್ನು ಮೊದಲಿಂದ ಕೊನೆಗೆ ಓದಲು ಹೋಗಬೇಡಿ. ಕೊನೆಯಲ್ಲಿ ಪುಟಗಟ್ಟಲೆ ಇರುವುದು ದಾಖಲೆ ಹೇಗೆ ತುಂಬಬೇಕು ಅಂತ ರಾಜ್ಯ ಕೊಟ್ಟ ಸೂಚನೆ, ಎಲ್ಲ ಡಿಸ್ಟ್ರಿಕ್ಟಿನದ್ದೂ ಒಂದೇ. ಅದನ್ನು ಬಿಡಿ. ಮೊದಲು ಶುರುವಿನಲ್ಲಿರುವ ‘ಬಜೆಟ್ ಓವರ್‌ವ್ಯೂ ಫಾರ್ ಪೇರೆಂಟ್ಸ್’ ನೋಡಿ. ಕೆಲವೇ ಪುಟ. ಒಟ್ಟು ಎಷ್ಟು ಬರುತ್ತದೆ, ಅದರಲ್ಲಿ ಈ ಮಕ್ಕಳ ಹೆಸರಲ್ಲಿ ಎಷ್ಟು, ಹೋದ ವರ್ಷ ಇವರಿಗೆ ಎಷ್ಟು ಖರ್ಚು ಮಾಡುತ್ತೇವೆ ಅಂದಿದ್ದರು, ಎಷ್ಟು ಮಾಡಿದರು, ಎಲ್ಲ ಅಲ್ಲೇ ಇರುತ್ತದೆ. ಹೋದ ವರ್ಷದ ಎರಡು ಅಂಕಿಗಳ ನಡುವೆ ದೊಡ್ಡ ಅಂತರ ಕಂಡರೆ ಗುರುತು ಹಾಕಿಕೊಳ್ಳಿ. ಸಾಮಾನ್ಯವಾಗಿ ಕಾರಣ ಒಂದೇ. ಹುದ್ದೆ ಘೋಷಿಸಿದರು, ಜನ ಸಿಗಲಿಲ್ಲ, ಸಂಬಳ ಉಳಿಯಿತು.

ಅಲ್ಲಿಂದ ನೇರವಾಗಿ ಕೊನೆಯ ಸೂಚನೆಗಳಿಗೆ ಸ್ವಲ್ಪ ಮುಂಚೆ ಬರುವ ಕೋಷ್ಟಕಗಳಿಗೆ ಹೋಗಿ. ಅಡ್ಡ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತವೆ. ಕಾಂಟ್ರಿಬ್ಯೂಟಿಂಗ್ ‘ಯೆಸ್’ ಇರುವ ಸಾಲುಗಳನ್ನು ಮಾತ್ರ ಹಿಡಿಯಿರಿ. ಅವುಗಳಲ್ಲಿ ದೊಡ್ಡ ಮೊತ್ತದ ನಾಲ್ಕೈದು ಸಾಕು. ಸ್ಕೋಪ್ ಕಾಲಮ್ಮಿನಲ್ಲಿ ‘ಲಿಮಿಟೆಡ್’ ಅಂತಿದ್ದರೆ ಅದು ಬರೀ ಈ ಮಕ್ಕಳಿಗೆ. ‘ಎಲ್‌ಇಎ-ವೈಡ್’ ಅಂತಿದ್ದರೆ ಅದರ ಸಮರ್ಥನೆ ಬೇರೆ ಜಾಗದಲ್ಲಿ, ‘ಇನ್‌ಕ್ರೀಸ್ಡ್ ಆರ್ ಇಂಪ್ರೂವ್ಡ್ ಸರ್ವಿಸಸ್’ ಅನ್ನುವ ಭಾಗದಲ್ಲಿ ಇರುತ್ತದೆ. ಅಲ್ಲಿ ಪ್ರತಿ ಕ್ರಮಕ್ಕೂ ಈ ಮಕ್ಕಳ ಯಾವ ತೊಂದರೆ ನೋಡಿ ಇದನ್ನು ಮಾಡಿದ್ದಾರೆ, ಅದನ್ನು ಇದು ಹೇಗೆ ನೀಗಿಸುತ್ತದೆ, ಫಲ ಸಿಕ್ಕಿತೋ ಇಲ್ಲವೋ ಅಂತ ಯಾವುದರಿಂದ ಅಳೆಯುತ್ತಾರೆ, ಇವು ಪಕ್ಕ ಪಕ್ಕ ಇರಬೇಕು. ತೊಂದರೆಯ ಕಾಲಮ್ಮಿನಲ್ಲಿ ‘ಇಂಗ್ಲಿಷ್ ಲರ್ನರ್‌ಗಳ ಅಂಕ ಕಡಿಮೆ ಇದೆ’ ಅಂತ, ಅಳತೆಯ ಕಾಲಮ್ಮಿನಲ್ಲಿ ‘ಎಲ್ಲ ಮಕ್ಕಳ ಹಾಜರಾತಿ’ ಅಂತ ಇದ್ದರೆ? ಎರಡಕ್ಕೂ ತಾಳಮೇಳ ಇಲ್ಲ ಅಲ್ವಾ. ಇಂಥದ್ದು ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಸಿಗುತ್ತದೆ. ಇದನ್ನು ಹಿಡಿಯಲು ಬಜೆಟ್ ತಜ್ಞರೇ ಆಗಬೇಕಿಲ್ಲ.

ಇನ್ನೊಂದು ಹೊಸ ನಿಯಮವೂ ನಿಮ್ಮ ಕೈಗೆ ಬಲ ಕೊಡುತ್ತದೆ. ಎಲ್‌ಕ್ಯಾಪ್ ಮೂರು ವರ್ಷದ ಯೋಜನೆ, ವರ್ಷಕ್ಕೊಮ್ಮೆ ತಿದ್ದುತ್ತಾರೆ. 2024-25ರಿಂದ 2026-27ರವರೆಗೆ ಒಂದು ಸುತ್ತು. ಮೂರು ವರ್ಷ ಮಾಡಿಯೂ ಫಲ ಕಾಣದ ಕ್ರಮವನ್ನು ಹಾಗೇ ಮುಂದುವರಿಸುವಂತಿಲ್ಲ, ಬದಲಾಯಿಸಬೇಕು. ಜೊತೆಗೆ ರಾಜ್ಯದ ‘ಡ್ಯಾಶ್‌ಬೋರ್ಡ್’ ಅನ್ನುವ ವೆಬ್‌ಸೈಟಿನಲ್ಲಿ ಪ್ರತಿ ಶಾಲೆಗೂ, ಪ್ರತಿ ಗುಂಪಿನ ಮಕ್ಕಳಿಗೂ ಕೆಂಪಿನಿಂದ ನೀಲಿಯವರೆಗೆ ಐದು ಬಣ್ಣದಲ್ಲಿ ದರ್ಜೆ ಕೊಟ್ಟಿರುತ್ತಾರೆ. 2023ರಲ್ಲಿ ಕೆಂಪು ಬಿದ್ದ ಗುಂಪು ಮತ್ತು ಶಾಲೆಗಳಿಗೆ ಏನು ಮಾಡುತ್ತೀರಿ ಅಂತ ಈ ಸುತ್ತಿನ ಯೋಜನೆಯಲ್ಲಿ ಹೆಸರಿಟ್ಟು ಬರೆಯಬೇಕು. ನಿಮ್ಮ ಶಾಲೆಯ ಹೆಸರು ಹಾಕಿ ನೋಡಿ, ಐದು ನಿಮಿಷದ ಕೆಲಸ.

ಸಭೆಯ ವಿಷಯಕ್ಕೆ ಬರೋಣ. ಹೊತ್ತು ಮುಖ್ಯ. ಬೋರ್ಡು ಎಲ್‌ಕ್ಯಾಪ್ ಮತ್ತು ಬಜೆಟ್ ಎರಡನ್ನೂ ಜುಲೈ 1ರೊಳಗೆ ಒಪ್ಪಬೇಕು. ಅದಕ್ಕೂ ಮೊದಲು ಒಂದು ಸಾರ್ವಜನಿಕ ವಿಚಾರಣೆ ಇರುತ್ತದೆ, ಒಪ್ಪಿಗೆ ಇನ್ನೊಂದು ಸಭೆಯಲ್ಲಿ. ಎರಡೂ ಹೆಚ್ಚಾಗಿ ಜೂನಿನಲ್ಲಿ. ಜೂನಿನ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಸಿಬ್ಬಂದಿ ಲೆಕ್ಕ ಆಗಿರುತ್ತದೆ, ಹುದ್ದೆಗಳ ತೀರ್ಮಾನ ಆಗಿರುತ್ತದೆ. ನಿಮ್ಮ ಮಾತನ್ನು ಗೌರವದಿಂದ ಕೇಳಿ, ಬರೆದುಕೊಂಡು, ಮುಂದೆ ಹೋಗುತ್ತಾರೆ. ಅದಕ್ಕಿಂತ ಫೆಬ್ರವರಿ ನೂರು ಪಾಲು ಮೇಲು. ಪ್ರತಿ ವರ್ಷ ಫೆಬ್ರವರಿ 28ರೊಳಗೆ ಬೋರ್ಡಿನ ಮುಂದೆ ಅರ್ಧವರ್ಷದ ವರದಿ ಇಡಬೇಕು ಅಂತ ಕಾನೂನಿದೆ. ಇಷ್ಟರಲ್ಲಿ ಎಷ್ಟು ಖರ್ಚಾಯಿತು, ಏನು ಫಲ ಬಂತು ಅಂತ. ಆ ಸಭೆಗೆ ಪೋಷಕರು ಬರುವುದೇ ಅಪರೂಪ. ಅಲ್ಲಿ ‘ಗುರಿ 1, ಕ್ರಮ 4ರ ಹುದ್ದೆಗಳಲ್ಲಿ ಎಷ್ಟು ಭರ್ತಿಯಾಗಿವೆ?’ ಅಂತ ಒಂದು ಪ್ರಶ್ನೆ ಕೇಳಿದರೆ, ಮುಂದಿನ ವರ್ಷದ ಕರಡಿನಲ್ಲಿ ಅದರ ಗುರುತು ಕಾಣುತ್ತದೆ.

ಮಾತಾಡುವುದಕ್ಕಿಂತ ಬಲವಾದ ಜಾಗ ಸಮಿತಿಗಳು. ಪ್ರತಿ ಡಿಸ್ಟ್ರಿಕ್ಟಿಗೂ ಎಲ್‌ಕ್ಯಾಪ್‌ಗೆ ಪೋಷಕರ ಸಲಹಾ ಸಮಿತಿ ಇರಬೇಕು. ಇಂಗ್ಲಿಷ್ ಲರ್ನರ್ ಮಕ್ಕಳು ಕನಿಷ್ಠ 15 ಶೇಕಡ, ಜೊತೆಗೆ ಕನಿಷ್ಠ 50 ಮಂದಿ ಇದ್ದರೆ ಅವರ ಪೋಷಕರಿಗೇ ಬೇರೆ ಸಮಿತಿ. ಇದಲ್ಲದೆ, 21 ಅಥವಾ ಹೆಚ್ಚು ಇಂಗ್ಲಿಷ್ ಲರ್ನರ್ ಇರುವ ಶಾಲೆಯಲ್ಲಿ ಇಲ್ಯಾಕ್, 51 ಅಥವಾ ಹೆಚ್ಚು ಇರುವ ಡಿಸ್ಟ್ರಿಕ್ಟಿನಲ್ಲಿ ಡಿಲ್ಯಾಕ್ ಅನ್ನುವ ಪೋಷಕರ ಸಲಹಾ ಸಮಿತಿಗಳಿವೆ. ನಿಮ್ಮ ಮಗಳ ಗುರುತು ನಿಮ್ಮನ್ನು ಇವುಗಳಿಗೆ ಸಹಜ ಸದಸ್ಯೆ ಮಾಡುತ್ತದೆ. ಸಿಟಿಜನ್ ಆಗಿರಬೇಕಿಲ್ಲ, ಗ್ರೀನ್ ಕಾರ್ಡ್ ಕೂಡ ಬೇಕಿಲ್ಲ. ಬೋರ್ಡಿಗೆ ವೋಟು ಹಾಕಲು ನಮಗೆ ಆಗದಿರಬಹುದು, ಸಮಿತಿಯಲ್ಲಿ ಕೂರಲು ಅಡ್ಡಿಯಿಲ್ಲ. ಎಲ್‌ಕ್ಯಾಪ್ ಸಮಿತಿಗಳು ಬರೆದು ಕೊಟ್ಟ ಟಿಪ್ಪಣಿಗೆ ಸೂಪರಿಂಟೆಂಡೆಂಟ್ ಬರವಣಿಗೆಯಲ್ಲೇ ಉತ್ತರಿಸಬೇಕು. ಮೈಕಿನ ಮುಂದೆ ಎರಡು ನಿಮಿಷ ಮಾತಾಡಿದವರಿಗೆ ಆ ಹಕ್ಕು ಇಲ್ಲ.

ಇಷ್ಟಾದರೂ ದಾರಿಗೆ ಬರದಿದ್ದರೆ? ಬೋರ್ಡು ಒಪ್ಪಿದ ಎಲ್‌ಕ್ಯಾಪ್ ಕೌಂಟಿಯ ಶಿಕ್ಷಣ ಆಫೀಸಿಗೆ ಹೋಗುತ್ತದೆ. ಅವರು ಅಕ್ಟೋಬರ್ 8ರೊಳಗೆ ಒಪ್ಪಬೇಕು, ಅದಕ್ಕೂ ಮೊದಲು ಸ್ಪಷ್ಟನೆ ಕೇಳಬಹುದು. ಕೌಂಟಿಗೂ ಒಂದು ಮೇಲ್ ಹಾಕಲು ಯಾರ ಅನುಮತಿಯೂ ಬೇಡ. ನಿಯಮ ಮೀರಿದ್ದಾರೆ ಅಂತ ಖಚಿತವಿದ್ದರೆ ‘ಯೂನಿಫಾರ್ಮ್ ಕಂಪ್ಲೇಂಟ್’ ಅನ್ನುವ ಅಧಿಕೃತ ದೂರು ಕೊಡಬಹುದು. ಎಲ್‌ಕ್ಯಾಪ್ ವಿಷಯದಲ್ಲಿ ಹೆಸರು ಹಾಕದೆಯೂ ಕೊಡಬಹುದು. 60 ದಿನದಲ್ಲಿ ಡಿಸ್ಟ್ರಿಕ್ಟ್ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ರಾಜ್ಯದ ಶಿಕ್ಷಣ ಇಲಾಖೆಗೆ ಮೇಲ್ಮನವಿ. ಆದರೆ ಶುರುವಿನಲ್ಲೇ ಇಲ್ಲಿಗೆ ಓಡಬೇಡಿ. ಬಜೆಟ್ ಬರೆಯುವವರಲ್ಲಿ ಬಹಳ ಮಂದಿ, ಯಾರಾದರೂ ಓದಿ ಕೇಳಿದರಲ್ಲ ಅಂತ ಖುಷಿಪಡುವವರೇ.

ಒಂದು ಮಾತು ನಿಮಗೆ ಹಿಡಿಸದೇ ಇರಬಹುದು, ಆದರೂ ಹೇಳುತ್ತೇನೆ. ನಿಮ್ಮ ಮಗಳು ಒಂದನೇ ಕ್ಲಾಸು. ಮನೆಯಲ್ಲಿ ಪುಸ್ತಕ ಇದೆ, ಕೂರಿಸಿ ಓದಿಸುವ ನೀವಿದ್ದೀರಿ. ಎರಡು ಮೂರು ವರ್ಷದಲ್ಲಿ ಅವಳು ಈ ಗುರುತಿನಿಂದ ಹೊರಗೆ ಬರುವ ಸಾಧ್ಯತೆ ಹೆಚ್ಚು. ಅದೇ ಡಿಸ್ಟ್ರಿಕ್ಟಿನ ಒಂಬತ್ತನೇ ಕ್ಲಾಸಿನಲ್ಲಿ, ಕಿಂಡರ್‌ಗಾರ್ಟನ್‌ನಿಂದ ಇಲ್ಲೇ ಓದಿಯೂ ಇನ್ನೂ ಇಂಗ್ಲಿಷ್ ಲರ್ನರ್ ಆಗಿಯೇ ಉಳಿದಿರುವ ಮಕ್ಕಳಿರುತ್ತಾರೆ. ಸಭೆ ಇರುವ ಸಂಜೆ ಅವರ ಅಮ್ಮ ಇನ್ನೊಂದು ಕೆಲಸದಲ್ಲಿರುತ್ತಾಳೆ. ಫಾಸ್ಟರ್ ಮಕ್ಕಳ ಪರವಾಗಿ ಬರುವವರು ಯಾರೂ ಇರುವುದಿಲ್ಲ. ನಿಮ್ಮ ಮಗಳ ಲೆಕ್ಕದಲ್ಲಿ ಬಂದ ದುಡ್ಡು ಆ ಒಂಬತ್ತನೇ ಕ್ಲಾಸಿನ ಮಗುವಿಗೆ ಖರ್ಚಾದರೆ ಅದು ತಪ್ಪಲ್ಲ, ಸೂತ್ರ ಮಾಡಿದ್ದೇ ಅದಕ್ಕೆ. ‘ನನ್ನ ಮಗಳಿಗೆ ಏನು ಸಿಕ್ಕಿತು’ ಅಂತ ಕೇಳುವ ಜಾಗ ಕ್ಲಾಸ್ ಟೀಚರ್. ಎಲ್‌ಕ್ಯಾಪ್ ಸಭೆಯಲ್ಲಿ ‘ಈ ಮಕ್ಕಳಿಗೆ ಏನು ಸಿಕ್ಕಿತು’ ಅಂತ ಕೇಳಿ. ಉತ್ತರ ಹೆಚ್ಚು ಗಟ್ಟಿಯಾಗಿ ಬರುತ್ತದೆ.

ಹಾಗೇ, ಶಾಲೆಯಿಂದ ಆದಾಯದ ಫಾರ್ಮು ಬಂದರೆ ಕಸಕ್ಕೆ ಹಾಕಬೇಡಿ. 2022ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಊಟ ಪುಕ್ಕಟೆ. ಊಟಕ್ಕೆ ಫಾರ್ಮು ಬೇಡವಾದ ಮೇಲೆ ತುಂಬುವವರು ಕಡಿಮೆಯಾಗಿದ್ದಾರೆ, ಕಡಿಮೆ ಆದಾಯದ ಮಕ್ಕಳು ಲೆಕ್ಕದಿಂದ ಜಾರುತ್ತಿದ್ದಾರೆ. ಒಂದೇ ಸಂಬಳದಲ್ಲಿ, ಓದುತ್ತಾ ಇರುವ ನಮ್ಮ ಕೆಲವು ಕುಟುಂಬಗಳೂ ಆ ಮಿತಿಯೊಳಗೆ ಬರುತ್ತವೆ. ನಾಚಿಕೆಪಡುವ ವಿಷಯವೇನಿಲ್ಲ.

ಟೀಚರ್ ಹತ್ತಿರ ಕೇಳಬೇಕಾದ್ದು ಇಷ್ಟು: ಅವಳಿಗೆ ದಿನಕ್ಕೆ ಎಷ್ಟು ಹೊತ್ತು ಇಂಗ್ಲಿಷ್ ಪಾಠ, ಯಾರು ಮಾಡುತ್ತಾರೆ, ಆ ಹೊತ್ತಿಗೆ ಕ್ಲಾಸಿನಲ್ಲಿ ಏನು ತಪ್ಪಿಹೋಗುತ್ತದೆ, ವರ್ಷಕ್ಕೊಮ್ಮೆ ಫೆಬ್ರವರಿಯಿಂದ ಮೇ ಒಳಗೆ ಮಾಡುವ ಎಲ್ಪ್ಯಾಕ್‌ನಲ್ಲಿ ಅವಳು ಯಾವ ಮಟ್ಟ. ನಾಲ್ಕನೇ ಮಟ್ಟ ಬಂದರೆ, ಟೀಚರ್ ಅಭಿಪ್ರಾಯ, ನಿಮ್ಮ ಅಭಿಪ್ರಾಯ, ಓದು ಬರಹದ ಅಂಕ ಎಲ್ಲ ನೋಡಿ ಗುರುತು ತೆಗೆಯುತ್ತಾರೆ. ನಿಮ್ಮ ಅಭಿಪ್ರಾಯ ಕೇಳದೆ ತೆಗೆಯುವಂತಿಲ್ಲ. ತೆಗೆದ ಮೇಲೆ ಆ ಲೆಕ್ಕದ ದುಡ್ಡು ನಿಲ್ಲುತ್ತದೆ, ಆದರೆ ನಾಲ್ಕು ವರ್ಷ ಅವಳ ಮೇಲೆ ಕಣ್ಣಿಡಬೇಕು ಅನ್ನುವ ನಿಯಮ ನಿಲ್ಲುವುದಿಲ್ಲ. ಮನೆಯಲ್ಲಿ ಕನ್ನಡ ಮಾತ್ರ ನಿಲ್ಲಿಸಬೇಡಿ, ಈ ಪರೀಕ್ಷೆಗೆ ಅದು ಅಡ್ಡಿಯಲ್ಲ.

ಬೋರ್ಡ್ ಸಭೆಯ ಅಜೆಂಡಾ 72 ಗಂಟೆ ಮೊದಲು ಪ್ರಕಟವಾಗಬೇಕು. ಅದು ಬಂದ ದಿನವೇ ನಿಮ್ಮ ಪ್ರಶ್ನೆಯನ್ನು ಪುಟ ಸಂಖ್ಯೆ, ಕ್ರಮ ಸಂಖ್ಯೆ ಸಮೇತ ಬೋರ್ಡಿನ ವಿಳಾಸಕ್ಕೆ ಮೇಲ್ ಮಾಡಿ, ಆಮೇಲೆ ಹೋಗಿ. ಒಂದೇ ಪ್ರಶ್ನೆ ಸಾಕು.